ಬೇಸೋಫಿಲ್ ಕಣ: ಅಲರ್ಜಿಯಲ್ಲಿಯೂ ರೋಗನಿರೋಧದಲ್ಲಿಯೂ ಅದರ ಪಾತ್ರ

(ವಿಲೆ ಪಾರ್ಲೆಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ನಾನು ವೈದ್ಯನಲ್ಲ, ವಿಜ್ಞಾನಿಯೂ ಅಲ್ಲ. ಕನ್ನಡದಲ್ಲಿ ಎಂ.ಎ. ಮಾಡಿ, ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಅನುವಾದಕನಾಗಿ ಕೆಲಸ ಮಾಡುತ್ತಿರುವವನು. ನೀರಾವರಿ, ಅಂಚೆ ಉಳಿತಾಯ, ಮಕ್ಕಳ ಲಸಿಕೆ, ಹೀಗೆ ಯಾವ ವಿಷಯ ಮೇಜಿನ ಮೇಲೆ ಬಂದರೂ ಅದನ್ನು ಕನ್ನಡದಲ್ಲಿ ಹೇಳುವುದು ನನ್ನ ಉದ್ಯೋಗ. ಇಂತಹವನು ರಕ್ತದ ಒಂದು ಕಣದ ಬಗೆಗೆ ನಿಮ್ಮೆದುರು ಮಾತನಾಡಲು ನಿಂತಿರುವುದಕ್ಕೆ ಕಾರಣವಾದ ಸಂಗತಿ ನಡೆದದ್ದು ಇದೇ ವಿಲೆ ಪಾರ್ಲೆಯಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಆದುದರಿಂದ ಮೊದಲು ಅದನ್ನೇ ನಿವೇದಿಸುತ್ತೇನೆ.

ನನ್ನ ಭಾವನವರು ಕುಂದಾಪುರದ ಕಡೆಯವರು. ಶ್ರಾವಣದಿಂದ ಗಣೇಶನ ವಿಸರ್ಜನೆಯವರೆಗೆ ಮೀನು ಮಾಂಸ ಮುಟ್ಟದೆ ಇದ್ದು, ಆ ಬಳಿಕ ಬಂದ ಮೊದಲ ಭಾನುವಾರ ಸಿಗಡಿ ತಂದಿದ್ದರು. ಕುಂದಾಪುರದ ಮಾತಿನಲ್ಲಿ ಅದು ಚಟ್ಲಿ, ತುಳುವಿನಲ್ಲಿ ಎಟ್ಟಿ, ಇಲ್ಲಿಯ ಮೀನುಪೇಟೆಯ ಮರಾಠಿಯಲ್ಲಿ ಕೋಲಂಬಿ. ಅವರು ಐವತ್ತು ವರ್ಷಗಳಿಂದ ತಿನ್ನುತ್ತ ಬಂದ ಪದಾರ್ಥ. ಊಟ ಮುಗಿದು ಕಾಲು ಗಂಟೆ ಕಳೆಯುವಷ್ಟರಲ್ಲಿ ಅವರ ಅಂಗೈಗಳು ತುರಿಸತೊಡಗಿದವು. ಹೊಟ್ಟೆ, ಬೆನ್ನುಗಳ ಮೇಲೆ ಕೆಂಪಗೆ ಗಂಧೆಗಳೆದ್ದವು. ತುಟಿ ಊದಿಕೊಂಡಿತು. "ಪಿತ್ತದ ಗಂಧೆ ಇರಬೇಕು" ಎಂದಳು ಅಕ್ಕ. ಮನೆಯ ಕಪಾಟಿನಲ್ಲಿ ಸೆಟ್ರಿಜಿನ್ ಮಾತ್ರೆ ಇತ್ತು. ಅದನ್ನು ಕೊಟ್ಟವನು ನಾನೇ. "ಭಾವ, ಸ್ವಲ್ಪ ಮಲಗಿರಿ, ಅರ್ಧ ಗಂಟೆಯಲ್ಲಿ ಇಳಿಯುತ್ತದೆ" ಎಂದು ಧೈರ್ಯ ಹೇಳಿದವನೂ ನಾನೇ. ಆ ಅರ್ಧ ಗಂಟೆಯಲ್ಲಿ ಅವರಿಗೆ ವಾಂತಿಯಾಯಿತು. ಸ್ವರ ಒಡೆದು ಗೊಗ್ಗರವಾಯಿತು. ಎದ್ದು ನಿಲ್ಲಲು ಹೋದವರು ಕುಸಿದು ಕುಳಿತರು. ಆಟೋರಿಕ್ಷಾದಲ್ಲಿ ಇರ್ಲಾದ ವಾಹನಸಂದಣಿಯ ನಡುವೆ ಅವರನ್ನು ಆಸ್ಪತ್ರೆಗೆ ಒಯ್ದ ಆ ಹದಿನೈದು ನಿಮಿಷಗಳು ನನ್ನ ನೆನಪಿನಿಂದ ಮಾಸುವಂತಿಲ್ಲ. ತೊಡೆಗೆ ಒಂದು ಚುಚ್ಚುಮದ್ದು ಕೊಟ್ಟರು. ಕೆಲವೇ ನಿಮಿಷಗಳಲ್ಲಿ ಉಸಿರು ಸರಾಗವಾಯಿತು.

ರಾತ್ರಿ ಆ ಆಸ್ಪತ್ರೆಯ ತರುಣ ವೈದ್ಯೆ ನನ್ನನ್ನು ಕರೆದು ಹೇಳಿದ ಮಾತು ಇದು: "ಮಾತ್ರೆ ಕೊಟ್ಟದ್ದು ತಪ್ಪಲ್ಲ, ಮಾತ್ರೆ ಕೊಟ್ಟು ಕಾದದ್ದು ತಪ್ಪು." ನನ್ನನ್ನು ಹೆಚ್ಚು ಚುಚ್ಚಿದ್ದು ಬೇರೊಂದು. ಇಂತಹ ಸಂದರ್ಭಗಳ ಬಗೆಗಿನ ಕರಪತ್ರವೊಂದನ್ನು ಹಿಂದೆ ನಾನೇ ಅನುವಾದಿಸಿದ್ದೆ. "ತೀವ್ರ ಸ್ವರೂಪದ ಅಲರ್ಜಿ ಕಂಡುಬಂದಲ್ಲಿ ಸೂಕ್ತ ಕ್ರಮವನ್ನು ಕೈಗೊಳ್ಳತಕ್ಕದ್ದು" ಎಂದು ಬರೆದಿದ್ದೆ. ಯಾವುದು ತೀವ್ರ, ಯಾವುದು ಸೂಕ್ತ ಎಂಬುದನ್ನು ಮೂಲವೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆಡಳಿತ ಭಾಷೆಯಲ್ಲಿ ಹೀಗೆ ಏನನ್ನೂ ಹೇಳದೆ ವಾಕ್ಯ ಮುಗಿಸುವ ಸೌಕರ್ಯ ಬಹಳ. ಆ ಸೌಕರ್ಯದ ಬೆಲೆ ಎಷ್ಟೆಂಬುದು ಆ ಭಾನುವಾರ ತಿಳಿಯಿತು.

ಮರುದಿನ ರಕ್ತಪರೀಕ್ಷೆಯ ವರದಿ ಬಂತು. ಬಿಳಿಯ ರಕ್ತಕಣಗಳ ಪಟ್ಟಿಯಲ್ಲಿ ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೋಸೈಟ್, ಇಯೋಸಿನೋಫಿಲ್ ಎಂಬವುಗಳ ಎದುರು ಅಂಕೆಗಳಿದ್ದವು. ಕೊನೆಯ ಸಾಲಿನಲ್ಲಿ ಬೇಸೋಫಿಲ್ ಎಂದಿದ್ದು, ಅದರ ಎದುರು ಸೊನ್ನೆ ಇತ್ತು. ಅಕ್ಕ ಗಾಬರಿಯಾದಳು. "ಇವರ ರಕ್ತದಲ್ಲಿ ಏನೋ ಒಂದು ಇಲ್ಲವೇ ಇಲ್ಲವಂತಲ್ಲೋ" ಎಂದಳು. ಆ ಸೊನ್ನೆಯ ಅರ್ಥವನ್ನು ಹುಡುಕುತ್ತ ಹೊರಟವನಿಗೆ ಆ ಕಣದ ಕಥೆಯೇ ದೊರೆಯಿತು.

ಈ ಕಣವನ್ನು ಮೊದಲು ಗುರುತಿಸಿದವರು ಜರ್ಮನಿಯ ಪಾಲ್ ಎರ್ಲಿಕ್. ಅವರಿಗೆ ಮುಂದೆ 1908ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಅನಿಲಿನ್ ಬಣ್ಣಗಳು ಆಗ ಬಟ್ಟೆಯ ಗಿರಣಿಗಳನ್ನು ಹೊಸದಾಗಿ ಪ್ರವೇಶಿಸಿದ್ದ ಕಾಲ. ಎರ್ಲಿಕ್ ಆ ಬಣ್ಣಗಳನ್ನು ಬಟ್ಟೆಗೆ ಬದಲಾಗಿ ಜೀವಕೋಶಗಳಿಗೆ ಹಾಕಿದರು. 1878ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಶರೀರದ ಊತಕಗಳಲ್ಲಿ ನೆಲೆಸಿರುವ, ಹರಳುಗಳಿಂದ ತುಂಬಿದ ಮಾಸ್ಟ್ ಕಣವನ್ನು ವರ್ಣಿಸಿದರು. ಮರುವರ್ಷ, 1879ರಲ್ಲಿ, ಹರಿಯುವ ರಕ್ತದಲ್ಲಿಯೂ ಅದರಂತೆ ಬಣ್ಣ ಹೀರುವ ಒಂದು ವಿರಳ ಕಣವನ್ನು ಕಂಡರು. ಅದರ ಹರಳುಗಳು ಪ್ರತ್ಯಾಮ್ಲ ಗುಣದ ಬಣ್ಣವನ್ನೇ ಬಯಸಿ ಹೀರಿ ನೇರಳೆ ಮಿಶ್ರಿತ ನೀಲಿಯಾಗುತ್ತಿದ್ದುದರಿಂದ ಅದಕ್ಕೆ ಬೇಸೋಫಿಲ್ ಎಂಬ ಹೆಸರು ಬಂತು. ಕನ್ನಡದಲ್ಲಿ ಇದನ್ನು "ಪ್ರತ್ಯಾಮ್ಲಪ್ರಿಯ ಕಣ" ಎನ್ನಬಹುದು. ಶಬ್ದ ಚೆನ್ನಾಗಿಯೇ ಇದೆ. ಆದರೆ ಪ್ರಯೋಗಾಲಯದ ವರದಿಯನ್ನು ಹಿಡಿದು ನಿಂತ ನನ್ನ ಅಕ್ಕನಿಗೆ ಅದರಿಂದ ಪ್ರಯೋಜನವಿಲ್ಲ. ವರದಿಯಲ್ಲಿ ಇರುವ ಹೆಸರಿನಿಂದಲೇ ನಾವು ಅದನ್ನು ಕರೆಯೋಣ.

ಈಗ ಆ ಸೊನ್ನೆಯ ಮಾತು. ಆರೋಗ್ಯವಂತ ವಯಸ್ಕರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಎಂದರೆ ಒಂದು ಸಣ್ಣ ಹನಿಗಿಂತಲೂ ಕಡಿಮೆ ರಕ್ತದಲ್ಲಿ, 4,000ದಿಂದ 11,000 ಬಿಳಿಯ ಕಣಗಳಿರುತ್ತವೆ. ಅವುಗಳಲ್ಲಿ ಬೇಸೋಫಿಲ್‌ಗಳ ಪಾಲು ಸಾಮಾನ್ಯವಾಗಿ ಶೇಕಡ ಒಂದಕ್ಕಿಂತಲೂ ಕಡಿಮೆ. ಪ್ರಯೋಗಾಲಯದವರು ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ಸವರಿ ಸೂಕ್ಷ್ಮದರ್ಶಕದಲ್ಲಿ ನೂರು ಬಿಳಿಯ ಕಣಗಳನ್ನು ಎಣಿಸುತ್ತಾರೆ. ಬೇಸೋಫಿಲ್‌ನ ನಿಜವಾದ ಪ್ರಮಾಣ ಶೇಕಡ ಅರ್ಧ ಎಂದುಕೊಳ್ಳಿ. ನೂರನ್ನೇ ಎಣಿಸಿದಾಗ ಅದು ಒಂದೂ ಕಣ್ಣಿಗೆ ಬೀಳದಿರುವ ಸಂಭವ ನೂರಕ್ಕೆ ಅರವತ್ತು ಸಲ. ಹೀಗಾಗಿ ಆರೋಗ್ಯವಂತರ ವರದಿಯಲ್ಲಿಯೂ ಸೊನ್ನೆ ಬರುವುದೇ ಹೆಚ್ಚು. ಅದು ರೋಗವಲ್ಲ, ಎಣಿಕೆಯ ಸ್ವಭಾವ. ಭಾವನವರ ವಿಷಯದಲ್ಲಿ ಇನ್ನೆರಡು ಕಾರಣಗಳೂ ಇದ್ದಿರಬಹುದು. ಅಲರ್ಜಿಯ ತೀವ್ರ ಪ್ರಸಂಗದಲ್ಲಿ ರಕ್ತದಲ್ಲಿನ ಬೇಸೋಫಿಲ್‌ಗಳ ಸಂಖ್ಯೆ ಇಳಿಯುವುದನ್ನು ವೈದ್ಯರು ಕಂಡಿದ್ದಾರೆ. ಆಸ್ಪತ್ರೆಯಲ್ಲಿ ಕೊಡುವ ಸ್ಟೀರಾಯ್ಡ್ ಔಷಧಿಗಳೂ ಅದನ್ನು ಇಳಿಸುತ್ತವೆ. ಬಹುಕಾಲ ಕಾಡುವ ಗಂಧೆ ರೋಗದಲ್ಲಿಯೂ ಈ ಕಣಗಳು ರಕ್ತವನ್ನು ಬಿಟ್ಟು ಚರ್ಮದ ಕಡೆಗೆ ಸರಿಯುತ್ತವೆ. ಇದಕ್ಕೆ ವಿರುದ್ಧವಾಗಿ, ಬೇಸೋಫಿಲ್‌ಗಳು ಮತ್ತೆ ಮತ್ತೆ ಹೆಚ್ಚಾಗಿಯೇ ಕಂಡುಬಂದರೆ ವೈದ್ಯರು ಅದನ್ನು ಅಲಕ್ಷಿಸುವುದಿಲ್ಲ. ರಕ್ತದ ಕೆಲವು ಕ್ಯಾನ್ಸರ್‌ಗಳಲ್ಲಿ ಅದೊಂದು ಸೂಚನೆ. ಹೀಗಿರುವಲ್ಲಿ ನಮ್ಮ ಕಣ್ಣು ಸೊನ್ನೆಯ ಮೇಲೆ ಬೀಳುವುದು, ಏರಿಕೆಯ ಮೇಲೆ ಬೀಳದಿರುವುದು ವಿಪರ್ಯಾಸವೇ ಸರಿ.

ಅಸ್ಥಿಮಜ್ಜೆಯಲ್ಲಿ ಹುಟ್ಟಿ, ರಕ್ತದಲ್ಲಿ ಕೆಲವೇ ದಿನ ಬಾಳಿ ಅಳಿಯುವ ಇಷ್ಟು ವಿರಳವಾದ ಕಣಕ್ಕೆ ಅಷ್ಟೊಂದು ಶಕ್ತಿ ಎಲ್ಲಿಂದ ಬಂತು? ಇದರ ಉತ್ತರ ದೊರೆಯಲು ತೊಂಬತ್ತು ವರ್ಷಗಳೇ ಹಿಡಿದವು. ಆ ಹಾದಿ ಕುತೂಹಲಕರವಾದುದು. ಡಿಫ್ತೀರಿಯಾ ರೋಗಕ್ಕೆ ಕುದುರೆಯ ರಕ್ತದ ಸೀರಮ್ ಕೊಡುತ್ತಿದ್ದ ಕಾಲದಲ್ಲಿ ಅದನ್ನು ಪಡೆದ ಕೆಲವು ಮಕ್ಕಳಿಗೆ ಜ್ವರ, ಗಂಧೆಗಳು ಬರುತ್ತಿದ್ದವು. ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಇದನ್ನು ಅಭ್ಯಸಿಸಿ, ರಕ್ಷಿಸಬೇಕಾದ ಶಕ್ತಿಯೇ ಬಾಧಿಸುವುದನ್ನು ಗಮನಿಸಿ, 1906ರಲ್ಲಿ "ಅಲರ್ಜಿ" ಎಂಬ ಶಬ್ದವನ್ನು ಟಂಕಿಸಿದರು. ಕುದುರೆಯ ಸೀರಮ್ ಎಂದರೆ ನಮಗೆ ಪರಕೀಯವೇನಲ್ಲ. ಇಲ್ಲಿಂದ ಕೆಲವು ನಿಲ್ದಾಣಗಳ ಆಚೆ, ಪರೇಲಿನಲ್ಲಿರುವ ಹಾಫ್‌ಕಿನ್ ಸಂಸ್ಥೆಯ ಹೆಸರು ಹಾವಿನ ವಿಷಕ್ಕೆ ಪ್ರತಿವಿಷ ತಯಾರಿಸುವ ಕಾರ್ಯದೊಡನೆ ಬಹುಕಾಲದಿಂದ ಸೇರಿಕೊಂಡಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಆಗುವ ಆ ಔಷಧವು ಕುದುರೆಯ ರಕ್ತದಿಂದಲೇ ಬರುತ್ತದೆ. ಅದನ್ನು ಕೊಡುವಾಗ ವೈದ್ಯರು ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಾಗಿಟ್ಟುಕೊಳ್ಳುವುದು ಇದೇ ಕಾರಣಕ್ಕೆ.

1921ರಲ್ಲಿ ಬ್ರೆಸ್ಲಾವ್ ನಗರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಹೈನ್ಸ್ ಕ್ಯುಸ್ಟ್ನರ್ ಎಂಬ ವೈದ್ಯರಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವರ ರಕ್ತದ ಸೀರಮ್ಮನ್ನು ಅವರ ಮಿತ್ರ ಕಾರ್ಲ್ ಪ್ರೌಸ್ನಿಟ್ಸ್ ತಮ್ಮ ಹೊಟ್ಟೆಯ ಚರ್ಮದೊಳಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡರು. ಮೀನನ್ನು ಸುಖವಾಗಿ ತಿನ್ನುತ್ತಿದ್ದ ಅವರ ಚರ್ಮದಲ್ಲಿ ಅಲ್ಲಿ ಮಾತ್ರ ಗಂಧೆ ಎದ್ದಿತು. ಒಬ್ಬರ ಅಲರ್ಜಿ ಸೀರಮ್ಮಿನ ಮೂಲಕ ಇನ್ನೊಬ್ಬರಿಗೆ ದಾಟಿತ್ತು. ದಾಟಿದ ವಸ್ತು ಯಾವುದೆಂಬುದು ತಿಳಿದದ್ದು ಮಾತ್ರ 1966-67ರಲ್ಲಿ. ಅಮೆರಿಕದಲ್ಲಿ ಜಪಾನಿನ ಇಷಿಜಾಕಾ ದಂಪತಿಗಳೂ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಕ್ ಎಂಬವರೂ ಬೇರೆ ಬೇರೆಯಾಗಿ ಅದನ್ನು ಕಂಡುಹಿಡಿದರು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯೊಂದು ಅದಕ್ಕೆ ಇಮ್ಯುನೋಗ್ಲಾಬ್ಯುಲಿನ್ ಇ ಎಂದು ಹೆಸರಿಟ್ಟಿತು. ಸಂಕ್ಷೇಪವಾಗಿ ಐಜಿಇ ಎನ್ನುತ್ತಾರೆ.

ಐಜಿಇ ಒಂದು ಪ್ರತಿಕಾಯ. ಒಮ್ಮೆ ಕಂಡ ಪರಕೀಯ ವಸ್ತುವನ್ನು ಮರಳಿ ಗುರುತಿಸುವ ಸಲುವಾಗಿ ಶರೀರ ತಯಾರಿಸುವ ಅಣು. ಇದರ ವಿಶೇಷವೆಂದರೆ, ಇದು ರಕ್ತದಲ್ಲಿ ಸುಮ್ಮನೆ ತೇಲಿಕೊಂಡಿರುವುದಿಲ್ಲ. ಬೇಸೋಫಿಲ್ ಮತ್ತು ಮಾಸ್ಟ್ ಕಣಗಳ ಹೊರಮೈಯ ಮೇಲಿನ ಗ್ರಾಹಕಗಳಲ್ಲಿ ಹೋಗಿ ಕೂರುತ್ತದೆ. ಅಲರ್ಜಿಯುಳ್ಳವರ ಒಂದೇ ಒಂದು ಬೇಸೋಫಿಲ್ ಕಣದ ಮೈಮೇಲೆ ಇಂತಹ ಗ್ರಾಹಕಗಳು ಲಕ್ಷಗಟ್ಟಲೆ ಇರಬಲ್ಲವು. ಬೇಸೋಫಿಲ್‌ಗೆ ತನ್ನದಾದ ಇಂತಹ ನೆನಪಿಲ್ಲ. ಐಜಿಇಯಿಂದ ಎರವಲು ಪಡೆದ ನೆನಪನ್ನು ಹೊತ್ತು ಅದು ತಿರುಗುತ್ತದೆ. ಗುರುತಿನ ವಸ್ತು ಮತ್ತೆ ಎದುರಾಗಿ ಅಕ್ಕಪಕ್ಕದ ಎರಡು ಐಜಿಇ ಅಣುಗಳನ್ನು ಒಟ್ಟಿಗೆ ಹಿಡಿದಾಗ, ಕಣದೊಳಗಿನ ಹರಳುಗಳು ಕೆಲವೇ ನಿಮಿಷಗಳಲ್ಲಿ ಒಡೆದು ಹಿಸ್ಟಮಿನ್ ಹೊರಬೀಳುತ್ತದೆ. ಅದರ ಹಿಂದೆಯೇ ಲ್ಯೂಕೋಟ್ರಯೀನ್ ಎಂಬ ಇನ್ನೂ ಪ್ರಬಲವಾದ ವಸ್ತು, ಕೆಲವು ಗಂಟೆಗಳಲ್ಲಿ ಇಂಟರ್‌ಲ್ಯೂಕಿನ್-4 ಮುಂತಾದ ಸಂದೇಶವಾಹಕಗಳು. ಈ ಕೊನೆಯವು ಇನ್ನಷ್ಟು ಐಜಿಇ ತಯಾರಿಸಲು ಪ್ರೇರಿಸುತ್ತವೆ.

ಭಾವನವರ ಮೈಯಲ್ಲಿ ನಡೆದದ್ದು ಇದೇ. ಹಿಸ್ಟಮಿನ್ ಸೂಕ್ಷ್ಮ ರಕ್ತನಾಳಗಳನ್ನು ಸಡಿಲಗೊಳಿಸಿ ಒಳಗಿನ ದ್ರವವನ್ನು ಸೋರಿಸುತ್ತದೆ. ಚರ್ಮದಲ್ಲಿ ಸೋರಿದರೆ ಗಂಧೆ, ತುಟಿ ಗಂಟಲುಗಳಲ್ಲಿ ಸೋರಿದರೆ ಊತ, ಶರೀರವಿಡೀ ಸೋರಿದರೆ ರಕ್ತದೊತ್ತಡ ಕುಸಿದು ಮೂರ್ಛೆ. ಶ್ವಾಸನಾಳದ ಸ್ನಾಯುಗಳು ಬಿಗಿದರೆ ಉಬ್ಬಸ. ಇದರಲ್ಲಿ ಮಾಸ್ಟ್ ಕಣಗಳ ಪಾಲೇ ಪ್ರಧಾನವೆಂದು ಬಹುಮಂದಿ ವಿಜ್ಞಾನಿಗಳ ಅಭಿಮತ. ಬೇಸೋಫಿಲ್‌ನ ಪಾಲು ಎಷ್ಟೆಂಬುದರ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಮಾಸ್ಟ್ ಕಣ ಊತಕದೊಳಗೆ ಹುದುಗಿರುವುದರಿಂದ ಅದನ್ನು ಹೊರತೆಗೆದು ನೋಡುವುದು ಕಷ್ಟ. ಬೇಸೋಫಿಲ್ ರಕ್ತದಲ್ಲಿ ದೊರೆಯುತ್ತದೆ. 1964ರಲ್ಲಿ ಅಮೆರಿಕದ ಲಿಕ್ಟೆನ್‌ಸ್ಟೈನ್ ಮತ್ತು ಆಸ್ಲರ್ ಅವರು ರೋಗಿಗಳ ಬಿಳಿಯ ಕಣಗಳಿಗೆ ಪರಾಗದ ಸಾರವನ್ನು ಸೇರಿಸಿ, ಹಿಸ್ಟಮಿನ್ ಹೊರಬರುವುದನ್ನು ಪ್ರಯೋಗನಳಿಕೆಯಲ್ಲೇ ಅಳೆದು ತೋರಿಸಿದರು. ಅಲರ್ಜಿಯ ಬಗೆಗೆ ನಮಗಿರುವ ತಿಳಿವಳಿಕೆಯಲ್ಲಿ ದೊಡ್ಡ ಭಾಗ ಈ ಸಣ್ಣ ಕಣವು ಕೊಟ್ಟದ್ದು.

ಐವತ್ತು ವರ್ಷ ಒಗ್ಗಿದ ಸಿಗಡಿ ಒಂದು ಭಾನುವಾರ ಏಕೆ ಒಗ್ಗದೆ ಹೋಯಿತು? ಸಿಗಡಿ, ಏಡಿಗಳ ಅಲರ್ಜಿ ದೊಡ್ಡವರಾದ ಮೇಲೆ ಆರಂಭವಾಗುವುದು ಅಪರೂಪವಲ್ಲ. ಇಲ್ಲಿ ನಮ್ಮ ನಾಡಿನ ಒಂದು ಶೋಧವನ್ನು ಹೇಳಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ಶಾಸ್ತ್ರಜ್ಞ ಪಿ. ವಿ. ಸುಬ್ಬರಾವ್ ಮತ್ತು ಅವರ ಸಹೋದ್ಯೋಗಿಗಳು, ಅಮೆರಿಕದ ಡೀನ್ ಮೆಟ್‌ಕಾಫ್ ಅವರ ಸಹಯೋಗದಲ್ಲಿ, ನಮ್ಮ ಕರಾವಳಿಯ ಬಿಳಿ ಸಿಗಡಿಯಿಂದ ಬಿಸಿಗೆ ಜಗ್ಗದ ಅಲರ್ಜಿಕಾರಕಗಳನ್ನು ಬೇರ್ಪಡಿಸಿ 1989ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಪ್ರಮುಖವಾದುದು ಟ್ರೋಪೋಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನು ಎಂದು 1993ರಲ್ಲಿ ತೋರಿಸಿಕೊಟ್ಟರು. ಎಷ್ಟು ಕುದಿಸಿದರೂ ಅದು ಸಾಯದು; ಸಿಗಡಿಯನ್ನು ತೆಗೆದಿಟ್ಟು ಬರಿಯ ಸಾರು ಬಡಿಸಿದರೂ ಸಾಕು, ಗುರುತಿಸುವ ಕಣ ಗುರುತಿಸುತ್ತದೆ. "ಚೆನ್ನಾಗಿ ಬೇಯಿಸಿದ್ದೇನೆ, ಏನೂ ಆಗದು" ಎಂಬ ನಮ್ಮ ಅಡಿಗೆಮನೆಗಳ ಭರವಸೆ ಇಲ್ಲಿ ನಿಲ್ಲುವುದಿಲ್ಲ.

ಈ ಟ್ರೋಪೋಮಯೋಸಿನ್ ಸಿಗಡಿಯಲ್ಲಿ ಮಾತ್ರ ಇರುವುದಲ್ಲ. ಏಡಿಯಲ್ಲಿಯೂ, ಜಿರಳೆಯಲ್ಲಿಯೂ, ಹಾಸಿಗೆಯ ಧೂಳಿನಲ್ಲಿ ಬಾಳುವ, ಒಂದು ಮಿಲಿಮೀಟರಿನ ಮೂರನೆಯ ಒಂದರಷ್ಟೇ ಇರುವ ಧೂಳಿನ ನುಸಿಯಲ್ಲಿಯೂ ಅದಕ್ಕೆ ಬಹು ಸಮೀಪದ ರೂಪವಿದೆ. ಈ ನುಸಿಯು ನಮ್ಮ ಚರ್ಮದಿಂದ ಉದುರುವ ಪುಡಿಯನ್ನು ತಿಂದು, ತೇವದ ಹವೆಯಲ್ಲಿ ಹುಲುಸಾಗಿ ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುವ, ಬಟ್ಟೆ ಒಣಗದ, ಗಾದಿಗೆ ಬಿಸಿಲು ಕಾಣದ ಮುಂಬಯಿಯ ಮನೆಗಳಿಗಿಂತ ಅದಕ್ಕೆ ಉತ್ತಮ ನೆಲೆ ಬೇರೆ ಬೇಕೆ! ನುಸಿಯ ಮತ್ತು ಜಿರಳೆಯ ವಿರುದ್ಧ ವರ್ಷಗಟ್ಟಲೆ ತಯಾರಾದ ಐಜಿಇ, ಕೆಲವರಲ್ಲಿ ಸಿಗಡಿಯನ್ನೂ ಅದೇ ಶತ್ರುವೆಂದು ಬಗೆಯುತ್ತದೆ. ಎಲ್ಲರಲ್ಲಿಯೂ ಹೀಗಾಗುವುದಿಲ್ಲ. ಆದರೆ ಮಳೆಗಾಲವಿಡೀ ಸೀನುತ್ತಿದ್ದ ಭಾವನವರ ಮೂಗಿಗೂ ಸೆಪ್ಟೆಂಬರಿನ ಆ ಊಟಕ್ಕೂ ನಂಟು ಇದ್ದಿರಬಹುದೆಂದು ವೈದ್ಯೆ ಹೇಳಿದಾಗ ನಮಗೆ ಆಶ್ಚರ್ಯವಾಯಿತು. ಇದರ ಇನ್ನೊಂದು ಮಗ್ಗುಲು ಸಮಾಧಾನದ್ದು: ಬಂಗಡೆ, ಭೂತಾಯಿಗಳಂತಹ ಬೆನ್ನೆಲುಬುಳ್ಳ ಮೀನುಗಳ ಟ್ರೋಪೋಮಯೋಸಿನ್ ಇದಕ್ಕಿಂತ ಬೇರೆ. ಸಿಗಡಿ ಒಗ್ಗದವರಿಗೆ ಮೀನೂ ಒಗ್ಗಬಾರದೆಂದೇನಿಲ್ಲ. ವೈದ್ಯರ ಸಲಹೆ ಪಡೆದು ತಿನ್ನಬಹುದು. ಭಾವನವರು ಈಗಲೂ ಬಂಗಡೆ ತಿನ್ನುತ್ತಾರೆ.

ವಿಲೆ ಪಾರ್ಲೆಯ ಹಳಬರಿಗೆ ಒಂದು ಪರಿಮಳದ ನೆನಪು ಇದ್ದೇ ಇರುತ್ತದೆ. 1929ರಲ್ಲಿ ಇಲ್ಲಿ ಸ್ಥಾಪಿತವಾದ ಪಾರ್ಲೆ ಬಿಸ್ಕತ್ತು ಕಾರ್ಖಾನೆ 2016ರಲ್ಲಿ ಮುಚ್ಚುವವರೆಗೂ, ರೈಲು ನಿಲ್ದಾಣಕ್ಕೆ ಬರುವಾಗಲೇ ಬೇಯುತ್ತಿದ್ದ ಬಿಸ್ಕತ್ತಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. "ವಾಸನೆಯಿಂದಲೂ ಅಲರ್ಜಿ ಬರುವುದೆ?" ಎಂದು ಇಂದು ಸಭೆಗೆ ಮುನ್ನ ಹಿರಿಯರೊಬ್ಬರು ಕೇಳಿದರು. ಐಜಿಇ ಗುರುತಿಸುವುದು ಬಹುಮಟ್ಟಿಗೆ ಪ್ರೋಟೀನುಗಳನ್ನು. ಗಾಳಿಯಲ್ಲಿ ತೇಲಿಬರುವ ಬಿಸ್ಕತ್ತಿನ ಪರಿಮಳ ಪ್ರೋಟೀನಲ್ಲ. ಹಿಟ್ಟಿನ ಧೂಳು ಬೇರೆ ಮಾತು. ದಿನವಿಡೀ ಗೋಧಿ ಹಿಟ್ಟಿನ ನಡುವೆ ದುಡಿಯುವ ಬೇಕರಿಯವರಲ್ಲಿ ಕೆಮ್ಮು, ಉಬ್ಬಸಗಳು ಬರುವುದನ್ನು ಇಟಲಿಯ ವೈದ್ಯ ರಾಮತ್ಸೀನಿ 1700ರಷ್ಟು ಹಿಂದೆಯೇ ಬರೆದಿಟ್ಟಿದ್ದಾರೆ. ಸಿಗಡಿ ಕುದಿಯುವ ಪಾತ್ರೆಯ ಹಬೆಯಲ್ಲಿಯೂ ಪ್ರೋಟೀನಿನ ಸೂಕ್ಷ್ಮ ಕಣಗಳಿರುವುದರಿಂದ ತೀವ್ರ ಅಲರ್ಜಿಯುಳ್ಳವರು ಆ ಅಡಿಗೆಮನೆಯಿಂದ ದೂರವಿರುವುದು ಒಳಿತು.

ಇಷ್ಟೆಲ್ಲ ಕೇಳಿದ ಮೇಲೆ, ಈ ಕಣ ನಮ್ಮಲ್ಲಿ ಇರುವುದಾದರೂ ಏತಕ್ಕೆ, ಪೀಡಿಸುವುದಕ್ಕೆ ಮಾತ್ರವೆ ಎಂದು ಯಾರಿಗಾದರೂ ಅನಿಸಬಹುದು. ನನಗೂ ಅನಿಸಿತ್ತು. ಉತ್ತರ ದೊರೆತದ್ದು ನನ್ನ ಬಾಲ್ಯದ ಮಲೆನಾಡಿಗೆ ಹತ್ತಿರವಾದ ಜೀವಿಯೊಂದರಿಂದ. ಕೊಟ್ಟಿಗೆಯ ಹಸುವಿನ ಕಿವಿಯಿಂದ ಉಣುಗುಗಳನ್ನು ಕಿತ್ತು ತೆಗೆಯುವುದು ನಮಗೆ ಹುಡುಗರಾಗಿದ್ದಾಗಿನ ಕೆಲಸ. ಉಣುಗು ನೊಣದಂತೆ ಕಚ್ಚಿ ಹಾರಿಹೋಗುವುದಲ್ಲ. ದಿನಗಟ್ಟಲೆ ಚರ್ಮಕ್ಕೆ ಅಂಟಿಕೊಂಡು ರಕ್ತ ಹೀರುತ್ತದೆ. ಅದರ ಮೂಲಕ ರೋಗವೂ ಬರುತ್ತದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು, ಜನರೂ ಹಾಸಿಗೆ ಹಿಡಿದಾಗ ಬೆಳಕಿಗೆ ಬಂದ ಮಂಗನ ಕಾಯಿಲೆಯನ್ನು ಹರಡುವುದು ಉಣುಗೇ. 1939ರಲ್ಲಿ ಅಮೆರಿಕದ ವಿಲಿಯಂ ಟ್ರೇಗರ್ ಗಿನಿಯಿಲಿಗಳ ಮೇಲೆ ಉಣುಗಿನ ಮರಿಗಳನ್ನು ಬಿಟ್ಟು ನೋಡಿದರು. ಮೊದಲ ಸಲ ಮರಿಗಳು ಹೊಟ್ಟೆ ತುಂಬ ರಕ್ತ ಕುಡಿದವು. ಎರಡನೆಯ ಸಲ ಅದೇ ಗಿನಿಯಿಲಿಗಳ ಮೇಲೆ ಬಿಟ್ಟ ಮರಿಗಳಲ್ಲಿ ಹೊಟ್ಟೆ ತುಂಬಿಸಿಕೊಂಡವು ಕೆಲವೇ. ಆ ಚರ್ಮವು ಉಣುಗನ್ನು ನೆನಪಿಟ್ಟುಕೊಂಡಿತ್ತು. ಮುಂದೆ ಆ ಕಚ್ಚಿದ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ರಕ್ತದಲ್ಲಿ ನೂರಕ್ಕೆ ಒಂದೂ ಸಿಗದ ಬೇಸೋಫಿಲ್‌ಗಳು ಅಲ್ಲಿ ಗುಂಪುಗೂಡಿ ನಿಂತಿದ್ದವು. 1982ರಲ್ಲಿ ಬೇಸೋಫಿಲ್‌ಗಳನ್ನು ನಾಶಮಾಡುವ ಸೀರಮ್ ಕೊಟ್ಟು ನೋಡಿದಾಗ ಗಿನಿಯಿಲಿಗಳು ಆ ನಿರೋಧವನ್ನು ಕಳೆದುಕೊಂಡವು. 2010ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳಲ್ಲಿಯೂ ಇದನ್ನೇ ಸಿದ್ಧಪಡಿಸಿದರು. ಇದರಿಂದ ಮಂಗನ ಕಾಯಿಲೆಯ ವೈರಾಣುವಿನಿಂದ ಮನುಷ್ಯನಿಗೆ ರಕ್ಷಣೆ ದೊರೆಯುವುದೆಂದು ಯಾರೂ ಭಾವಿಸಕೂಡದು. ಪ್ರಾಣಿಗಳಲ್ಲಿ ಸಿದ್ಧಪಟ್ಟಿರುವುದು ಉಣುಗಿಗೆ ಊಟ ತಪ್ಪಿಸುವ ಶಕ್ತಿ ಮಾತ್ರ.

ಕರುಳಿನ ಜಂತುಹುಳುಗಳ ವಿಷಯದಲ್ಲಿಯೂ ಇಂತಹುದೇ ಪಾತ್ರ ಕಂಡುಬಂದಿದೆ, ಪುರಾವೆಗಳು ಹೆಚ್ಚಾಗಿ ಇಲಿಗಳಿಂದ ಬಂದವಾದರೂ. ಜಂತು, ಉಣುಗುಗಳು ಬ್ಯಾಕ್ಟೀರಿಯಾದಂತೆ ಒಂದು ಕಣ ನುಂಗಿ ಹಾಕುವಷ್ಟು ಸಣ್ಣವಲ್ಲ. ಅವುಗಳನ್ನು ತುರಿಸಿ, ಸೀನಿ, ಕೆಮ್ಮಿ, ಲೋಳೆಯಲ್ಲಿ ಜಾರಿಸಿ, ವಾಂತಿ ಭೇದಿಗಳಿಂದ ಹೊರಹಾಕಬೇಕು. ಅಲರ್ಜಿಯ ಲಕ್ಷಣಗಳೂ ಇವೇ ಅಲ್ಲವೆ? ಪರೋಪಜೀವಿಗಳ ವಿರುದ್ಧ ಕೂಡಿಟ್ಟ ಆಯುಧವು ಸಿಗಡಿಯ ತುಂಡಿನ ಮೇಲೆ ಪ್ರಯೋಗವಾದುದೇ ಭಾವನವರ ಭಾನುವಾರದ ಕಥೆ. ಇಷ್ಟರಿಂದ "ಹುಳು ಇದ್ದರೆ ಅಲರ್ಜಿ ಬಾರದು, ಮಕ್ಕಳ ಹೊಟ್ಟೆಯಲ್ಲಿ ನಾಲ್ಕು ಹುಳು ಇರಲಿ" ಎಂಬ ಪಾಂಡಿತ್ಯಕ್ಕೆ ದಯವಿಟ್ಟು ಇಳಿಯಬಾರದು. ಹುಳುಗಳು ಮಕ್ಕಳ ರಕ್ತವನ್ನೂ ಬೆಳವಣಿಗೆಯನ್ನೂ ಕದಿಯುತ್ತವೆ. 2015ರಿಂದ ನಡೆದು ಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ.

ಪರೀಕ್ಷೆಗಳ ಬಗೆಗೆ ಎರಡು ಮಾತು. ಸಾಮಾನ್ಯ ರಕ್ತಪರೀಕ್ಷೆಯ ಬೇಸೋಫಿಲ್ ಅಂಕೆಯಿಂದ ಅಲರ್ಜಿ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾಗದು. ಚರ್ಮದ ಮೇಲೆ ಸೂಜಿಯ ಮೊನೆಯಿಂದ ಮಾಡುವ ಪರೀಕ್ಷೆ, ಐಜಿಇ ಪರೀಕ್ಷೆ ಇವು ಶರೀರವು ಯಾವುದನ್ನು ಗುರುತಿಸಿಟ್ಟುಕೊಂಡಿದೆ ಎಂಬುದನ್ನು ಹೇಳುತ್ತವೆ, ಗುರುತಿಸಿದ್ದೆಲ್ಲವೂ ಬಾಧಿಸುವುದಿಲ್ಲ. ರೋಗಿಯ ತಾಜಾ ರಕ್ತದ ಬೇಸೋಫಿಲ್‌ಗಳಿಗೆ ಸಂದೇಹಾಸ್ಪದ ವಸ್ತುವನ್ನು ತೋರಿಸಿ, ಅವು ಕೆರಳುತ್ತವೆಯೇ ಎಂದು ಯಂತ್ರದಿಂದ ನೋಡುವ ಪರೀಕ್ಷೆಯೂ ಬಂದಿದೆ. ಅದು ಬೇಕೆ ಎಂಬುದನ್ನು ನಿರ್ಧರಿಸಬೇಕಾದವರು ತಜ್ಞರು. ಔಷಧಿಗಳಲ್ಲಿ, ಐಜಿಇಯನ್ನೇ ಹಿಡಿದುಹಾಕುವ ಓಮಲಿಜುಮಾಬ್ ಅಮೆರಿಕದಲ್ಲಿ 2003ರಲ್ಲಿ ಅನುಮತಿ ಪಡೆಯಿತು. ಅದನ್ನು ಮೂರು ತಿಂಗಳು ಕೊಟ್ಟಾಗ ಒಂದೊಂದು ಬೇಸೋಫಿಲ್‌ನ ಮೇಲಿನ ಗ್ರಾಹಕಗಳು ಸುಮಾರು 2,20,000ದಿಂದ 8,300ಕ್ಕೆ ಇಳಿದುದನ್ನು 1997ರ ಒಂದು ಅಧ್ಯಯನ ತೋರಿಸಿತ್ತು. ಹಿಡಿಯಲು ಐಜಿಇ ಇಲ್ಲದಾಗ ಕಣವು ತನ್ನ ಕೈಗಳನ್ನೇ ಒಳಗೆಳೆದುಕೊಳ್ಳುತ್ತದೆ. ದುಬಾರಿ ಔಷಧ, ಎಲ್ಲರಿಗೂ ಬೇಕಾದುದಲ್ಲ.

ಎಲ್ಲರಿಗೂ ಬೇಕಾದುದು ಇನ್ನೊಂದಿದೆ. ಸೆಟ್ರಿಜಿನ್‌ನಂತಹ ಮಾತ್ರೆ ಹಿಸ್ಟಮಿನ್ನಿಗೆ ಮಾತ್ರ ಬಾಗಿಲು ಮುಚ್ಚುತ್ತದೆ. ಅದಕ್ಕೂ ಅರ್ಧದಿಂದ ಒಂದು ಗಂಟೆ ಬೇಕು. ಲ್ಯೂಕೋಟ್ರಯೀನನ್ನು ಅದು ತಡೆಯದು. ಕುಸಿದ ರಕ್ತದೊತ್ತಡವನ್ನು ಎತ್ತದು. ಅಡ್ರಿನಲಿನ್ ರಕ್ತನಾಳಗಳನ್ನು ಬಿಗಿಗೊಳಿಸಿ, ಶ್ವಾಸನಾಳವನ್ನು ಸಡಿಲಿಸಿ, ಹೃದಯಕ್ಕೆ ಬಲವಿತ್ತು, ಮಾಸ್ಟ್ ಮತ್ತು ಬೇಸೋಫಿಲ್ ಕಣಗಳು ಇನ್ನಷ್ಟು ಸುರಿಯುವುದನ್ನೂ ತಗ್ಗಿಸುತ್ತದೆ. ಆದುದರಿಂದ ನಾನು ಹಿಂದೆ ಅನುವಾದಿಸಿದ ಆ ವಾಕ್ಯವನ್ನು ಇಂದು ತಿದ್ದಿ ಓದುತ್ತೇನೆ. ಬರಿಯ ಗಂಧೆ, ತುರಿಕೆಯಾದರೆ ಮಾತ್ರೆ ಕೊಟ್ಟು ಬಳಿಯಲ್ಲಿದ್ದು ನೋಡಿಕೊಳ್ಳಿ. ಅದರ ಜೊತೆಗೆ ಉಬ್ಬಸ, ಸ್ವರದ ಬದಲಾವಣೆ, ನಾಲಗೆ ಗಂಟಲುಗಳ ಊತ, ಮತ್ತೆ ಮತ್ತೆ ವಾಂತಿ, ತಲೆಸುತ್ತು ಇವುಗಳಲ್ಲಿ ಯಾವುದೊಂದು ಸೇರಿದರೂ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೆ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ. ಈ ಭಾಗದವರಿಗೆ ಮಹಾನಗರಪಾಲಿಕೆಯ ಕೂಪರ್ ಆಸ್ಪತ್ರೆ ಸಮೀಪದಲ್ಲಿಯೇ ಇದೆ. ಅಲ್ಲಿ ತೊಡೆಯ ಹೊರಭಾಗದ ಸ್ನಾಯುವಿಗೆ ಅಡ್ರಿನಲಿನ್ ಕೊಡುತ್ತಾರೆ. ದಾರಿಯಲ್ಲಿ ರೋಗಿಯನ್ನು ನಡೆಸಬಾರದು, ಥಟ್ಟನೆ ನಿಲ್ಲಿಸಬಾರದು. ಕಾಲು ಎತ್ತರಿಸಿ ಮಲಗಿಸಬೇಕು, ಉಸಿರಾಟ ಕಷ್ಟವಾದರೆ ಮಾತ್ರ ಒರಗಿಸಿ ಕೂರಿಸಬೇಕು. ಗುಣವಾದಂತೆ ಕಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲಿಯೇ ಇರಬೇಕು. ಕೆಲವರಲ್ಲಿ ಅದು ಎರಡನೆಯ ಬಾರಿ ಮರುಕಳಿಸುವುದುಂಟು.

ಭಾವನವರು ಇಂದು ಈ ಸಭೆಯಲ್ಲಿಯೇ ಇದ್ದಾರೆ. ಅವರ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಚೀಟಿ ಇರುತ್ತದೆ: "ನನಗೆ ಸಿಗಡಿ, ಏಡಿ ಒಗ್ಗುವುದಿಲ್ಲ. ಉಸಿರು ಕಟ್ಟಿದರೆ ಅಥವಾ ಪ್ರಜ್ಞೆ ತಪ್ಪಿದರೆ ನನಗೆ ಅಡ್ರಿನಲಿನ್ ಬೇಕು. ಕೂಡಲೆ ಆಸ್ಪತ್ರೆಗೆ ಒಯ್ಯಿರಿ." ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಭಾಷೆಗಳಲ್ಲಿ ಬರೆದುಕೊಟ್ಟವನು ನಾನು, ವೈದ್ಯರು ನೋಡಿ ಒಪ್ಪಿದ್ದಾರೆ. ಅದರ ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದೆ. ಒಗ್ಗದ ಪದಾರ್ಥದ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ನಿಮ್ಮ ವೈದ್ಯರನ್ನು ಕೇಳಿ ತುಂಬಿಸಿಕೊಳ್ಳಬಹುದು. ಇನ್ನು ಮುಂದೆ ನಿಮ್ಮ ಪ್ರಶ್ನೆಗಳಿಗೆ ವೇದಿಕೆಯ ಮೇಲಿರುವ ವೈದ್ಯರು ಉತ್ತರಿಸುತ್ತಾರೆ.